ತಪ್ಪಿನ ಪಾಳಿ

ತಪಾಸಣೆಯ ದಿನ ಒಬ್ಬರೂ ತಪ್ಪು ಮಾಡಕೂಡದು ಎಂದು ತರಗತಿಯ ಜೊತೆಗಾರ ಟ್ಯಾಕ್ಸಿಯವನು ಹೇಳಿದ್ದ ಮಾತು ಬೆಳಗಿನಿಂದ ಅವಳ ತಲೆಯೊಳಗೆ ಕೂತುಬಿಟ್ಟಿತ್ತು. ಮುಖ ತೊಳೆಯುವಾಗಲೂ ಅದೇ, ಮಗಳು ಕೊಟ್ಟ ಚಹಾ ಕೈಯಲ್ಲಿ ಹಿಡಿದಾಗಲೂ ಅದೇ. "ಯಾವ ಲೋಕದಲ್ಲಿದ್ದೀಯಮ್ಮಾ, ಚಹಾ ಆರಿ ನೀರಾಯ್ತು" ಎಂದು ಮಗಳು ಕೇಳಿದಾಗ "ಇವತ್ತು ಕ್ಲಾಸಿಗೆ ತಪಾಸಣೆಯವರು ಬರ್ತಾರೆ ಕಣೇ" ಅಂದಳು. "ತಪಾಸಣೆ ಅವರಿಗೆ, ನಿನಗ್ಯಾಕೆ ಗಾಬರಿ? ನಿಂದು ಪುಕ್ಕಟೆ ಪಾಠ" ಎಂದು ಮಗಳು ಚೀಲ ಹೆಗಲಿಗೇರಿಸಿಕೊಂಡು, ಮೊಮ್ಮಗಳ ಕೈ ಹಿಡಿದು ಹೊರಟುಹೋದಳು. ಮಗಳದೇನೂ ತಪ್ಪಿಲ್ಲ, ಪಾಠ ಪುಕ್ಕಟೆಯೇ. ಆಸ್ಪತ್ರೆಯ ಲಾಂಡ್ರಿ ಕೆಲಸದಿಂದ ಅವಳನ್ನು ಬಿಡಿಸಿದ ವರ್ಷ, ಬ್ಯಾಂಕಿನ ಎದುರಿನ ಕಟ್ಟಡಕ್ಕೆ ಅಂಟಿಸಿದ್ದ ಕಾಗದವನ್ನು ಯಾರೋ ಓದಿ ಹೇಳಿದ್ದರು: ಇಲ್ಲಿ ಇಂಗ್ಲಿಷ್ ಮೇಷ್ಟ್ರಾಗುವುದಕ್ಕೆ ತರಬೇತಿ ಕೊಡುತ್ತಾರೆ, ಆ ಕಲಿಯುವ ಮೇಷ್ಟ್ರುಗಳಿಗೆ ಪಾಠ ಮಾಡಿ ನೋಡಲು ನಿಜವಾದ ವಿದ್ಯಾರ್ಥಿಗಳು ಬೇಕು, ಯಾರು ಬೇಕಾದರೂ ಬರಬಹುದು, ದುಡ್ಡಿಲ್ಲ. ತರಗತಿಯ ಕ್ಷೌರಿಕ ಇದನ್ನು ಕೇಳಿ ಬಹಳ ನಕ್ಕಿದ್ದ. "ನಮ್ಮ ಅಂಗಡೀಲೂ ಹಂಗೇ ಕಣಮ್ಮ. ಹೊಸಬ ಕತ್ತರಿ ಹಿಡಿಯೋಕೆ ಯಾವುದಾದ್ರೂ ಒಂದು ತಲೆ ಬೇಕಲ್ಲ. ನಾವು ತಲೆಗಳು." ಅವಳೂ ನಕ್ಕಿದ್ದಳು. ಆದರೆ ಮನೆಗೆ ಬಂದ ಮೇಲೆ ತನ್ನ ತಲೆಯನ್ನು ಒಮ್ಮೆ ಕೈಯಿಂದ ಸವರಿಕೊಂಡಿದ್ದಳು.

ಬಸ್ಸಿಳಿದು ಮೂಲೆಗೆ ಬಂದಾಗ ಗಾಲಿ ಚೀಲ ಎಳೆದುಕೊಂಡು ಒಬ್ಬ ಹೆಂಗಸು ಫೋನನ್ನು ಅತ್ತ ಇತ್ತ ತಿರುಗಿಸುತ್ತ ನಿಂತಿದ್ದಳು. ಬೂದು ಕೂದಲು, ಒಳ್ಳೆ ಇಸ್ತ್ರಿಯ ಅಂಗಿ. ಮಡಿಕೆ ಹೇಗೆ ನಿಂತಿದೆ ಎಂದು ನೋಡುವುದು ಅವಳಿಗೆ ಹಳೆಯ ಚಾಳಿ. ಆ ಹೆಂಗಸು ಇಂಗ್ಲಿಷಿನಲ್ಲಿ ತರಬೇತಿ ಕೇಂದ್ರ ಎಲ್ಲಿ ಎಂದು ಕೇಳಿದಳು. ಇವಳು ನೇರ ಹೋಗಿ ಅಂದಳು, ಔಷಧಿ ಅಂಗಡಿ ದಾಟಿ ಎಡಕ್ಕೆ ತಿರುಗಿ, ಬ್ಯಾಂಕಿನ ಎದುರಿನ ಕಟ್ಟಡ, ಎರಡನೇ ಮಹಡಿ, ಲಿಫ್ಟು ಕೆಟ್ಟಿದೆ, ನಿಧಾನವಾಗಿ ಹತ್ತಿ. ಇಂಗ್ಲಿಷಿನಲ್ಲೇ ಅಂದಳು. ಬಾಯಿಂದ ಬಂದ ಮೇಲೆಯೇ ಅದು ಗೊತ್ತಾದದ್ದು. ಹೆಂಗಸು ನಕ್ಕು, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಥ್ಯಾಂಕ್ಸ್ ಎಂದು ಹೇಳಿ ಹೋದಳು. ತಾನೂ ಅಲ್ಲಿಗೇ ಹೊರಟವಳು, ಜೊತೆಯಲ್ಲೇ ಹೋಗಬಹುದಿತ್ತು. ಹೋಗಲಿಲ್ಲ. ಪಾತ್ರೆ ಅಂಗಡಿಯ ಗಾಜಿನ ಮುಂದೆ, ಬೇಡದ ಬಾಣಲೆಗಳನ್ನು ನೋಡುತ್ತ ನಿಂತಳು. ಕಳ್ಳಮಾಲು ಇಟ್ಟುಕೊಂಡವಳ ಹಾಗೆ ಸೆರಗು ಎಳೆದು ಹೊದ್ದುಕೊಂಡಳು. ಯಾಕೆಂದರೆ ಅವಳು ಇನ್ನೂ ಮೊದಲನೇ ತರಗತಿಯವಳು. ದಾರಿ ಕೇಳುವುದು, ಹೇಳುವುದು ಅಲ್ಲಿ ಇನ್ನು ಮೇಲೆ ಕಲಿಸಬೇಕಾದ ಪಾಠ.

ಮೆಟ್ಟಿಲು ಹತ್ತುವಾಗ, ಎರಡು ಮಹಡಿಗಳ ನಡುವಿನ ತಿರುವಿನಲ್ಲಿ, ಎಂದಿನಂತೆ ಆ ಹುಡುಗಿ ನೆನಪಾದಳು. ಎಷ್ಟೋ ತಂಡಗಳ ಹಿಂದೆ ಮೇಷ್ಟ್ರಾಗಲು ಕಲಿಯುತ್ತಿದ್ದವಳು. ಗೋಡೆಗೆ ಹಣೆ ಒತ್ತಿ ಇಲ್ಲೇ ಅಳುತ್ತಿದ್ದಳು. ಏನಾಯ್ತಮ್ಮಾ ಎಂದರೆ ಮೊದಲು ತಲೆಯಾಡಿಸಿದಳು, ಆಮೇಲೆ ಒಂದೇ ಸಮನೆ ಹೇಳಿಬಿಟ್ಟಳು. ಪಾಠಕ್ಕೆ ಮುಂಚೆ ಅವರೆಲ್ಲ ಒಂದು ಯೋಜನೆ ಬರೆಯಬೇಕಂತೆ. ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ, ಎಡವಿದಾಗ ತಾನು ಹೇಗೆ ಎತ್ತುತ್ತೇನೆ ಎಂದು ಮೊದಲೇ ಊಹಿಸಿ ಬರೆಯಬೇಕಂತೆ. ಅವಳು ಬರೆದಿದ್ದಳು. ಆದರೆ ಆ ದಿನ ಯಾರೂ ಎಡವಲಿಲ್ಲ. ಹಿಂದೆ ಕೂತು ಗಮನಿಸುತ್ತಿದ್ದ, ಕೇಂದ್ರ ನಡೆಸುವ ದೊಡ್ಡ ಮೇಡಂ ಆಮೇಲೆ ಕೇಳಿದರಂತೆ: ಅವರಿಗೆ ಗೊತ್ತಿದ್ದದ್ದನ್ನೇ ಅವರಿಗೆ ಹೇಳಿದೆ, ನೀನು ಕಲಿಸಿದ್ದೇನು? ಹುಡುಗಿ ಮೂಗು ಒರೆಸಿಕೊಂಡು, "ನೀವೆಲ್ಲ ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ ನಾನು ಫೇಲಾಗ್ತೀನೇನೋ ಅಮ್ಮ" ಅಂದಳು. ಆ ಮಾತನ್ನು ಇವಳು ಟ್ಯಾಕ್ಸಿಯವನಿಗೆ ಹೇಳಿದಳು, ಟ್ಯಾಕ್ಸಿಯವನು ಕ್ಷೌರಿಕನಿಗೆ. ಮುಂದಿನ ಪಾಠದಲ್ಲಿ ಮೂವರೂ ಬೇಕೆಂದೇ ಎಡವಿದರು. ಹುಡುಗಿ ಎತ್ತಿದಳು. ಅವಳ ಮುಖ ನೋಡಬೇಕಿತ್ತು, ದೀಪ ಹಚ್ಚಿಟ್ಟ ಹಾಗೆ. ಅಲ್ಲಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಪಾಠ ಶುರುವಾಗುವ ಮುಂಚೆ ಟ್ಯಾಕ್ಸಿಯವನು ಹಿಂದೆ ತಿರುಗಿ ಮೆಲ್ಲಗೆ ಕೇಳುವನು: "ಇವತ್ತು ತಪ್ಪಿನ ಪಾಳಿ ಯಾರ್ದು?" ಹೊಸದಾಗಿ ಸೇರಿದವರಿಗೆ ಪಾಳಿ ಬೇಕಿರಲಿಲ್ಲ, ಅವರ ತಪ್ಪು ಅವರಿಗೆ ಧಾರಾಳವಾಗಿತ್ತು. ಆದರೆ ಹೊಸಬರು ಬರುವುದು ಕಡಿಮೆ. ಬಂದವರೂ ನಾಲ್ಕು ದಿನಕ್ಕೆ ಕೆಲಸ, ಮಗು, ಜ್ವರ ಎಂದು ನಿಂತುಬಿಡುತ್ತಿದ್ದರು. ಕುರ್ಚಿ ತುಂಬಿಸುತ್ತಿದ್ದವರು ಹಳಬರೇ.

ಪ್ರತಿ ತಂಡದ ಮೊದಲ ದಿನ ಒಂದು ಸಣ್ಣ ಪರೀಕ್ಷೆ ಇರುತ್ತಿತ್ತು, ಯಾರು ಯಾವ ತರಗತಿಗೆ ಎಂದು ತಿಳಿಯಲು. ಚೆನ್ನಾಗಿ ಬರೆದವರು ಮೂರನೇ ಮಹಡಿಗೆ ಹೋಗಬೇಕು. ಅವಳು ಬೇಕೆಂದೇ ಕೆಡಿಸಿ ಬರೆಯುತ್ತಿದ್ದಳು. ಮೇಷ್ಟ್ರ ಮೇಲಿನ ಕರುಣೆಯಿಂದ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಅರ್ಧ ನಿಜ. ಮೊದಲನೇ ತರಗತಿಯಲ್ಲಿ ಒಂದು ಪಾಠ ಇತ್ತು, ಪ್ರತಿ ತಂಡದಲ್ಲೂ ಬರುವ ಪಾಠ. ಆ ದಿನ ಹೊಸ ಮೇಷ್ಟ್ರು ಒಬ್ಬೊಬ್ಬರ ಎದುರು ನಿಂತು, ನಿನ್ನೆ ನೀವು ಏನು ಮಾಡಿದಿರಿ ಎಂದು ಕೇಳುತ್ತಾರೆ. ಕೇಳಿ ಸುಮ್ಮನೆ ಮುಂದಕ್ಕೆ ಹೋಗುವುದಿಲ್ಲ, ಉತ್ತರ ಮುಗಿಯುವ ತನಕ ಕಾಯುತ್ತಾರೆ. ತರಬೇತಿಯಲ್ಲಿ ಹಾಗೆ ಕಾಯಬೇಕೆಂದು ಹೇಳಿಕೊಟ್ಟಿರುತ್ತಾರಂತೆ. ನಿನ್ನೆ ಬಟ್ಟೆ ಒಗೆದೆ, ಮೊಮ್ಮಗಳ ಜಡೆ ಹಾಕಿದೆ, ಕಿಟಕಿ ಹತ್ತಿರ ಕೂತಿದ್ದೆ ಎಂದು ಅವಳು ಹುಡುಕಿ ಹುಡುಕಿ ಹೇಳುವಳು. ಅವರು ಮುಂದಕ್ಕೆ ಬಾಗಿ ಕೇಳುವರು, ವೆರಿ ಗುಡ್ ಎನ್ನುವರು. ಲಾಂಡ್ರಿಯಲ್ಲಿ ಕಳೆದ ಇಡೀ ಆಯುಷ್ಯದಲ್ಲಿ, ಉಗಿಯ ಮಧ್ಯೆ, ಯಾರೂ ಅದನ್ನು ಕೇಳಿರಲಿಲ್ಲ. ನಿನ್ನೆ ಏನು ಮಾಡಿದೆ ಎಂದು ಮೇಸ್ತ್ರಿ ಕೇಳಿದರೆ ಅದರರ್ಥ ಬೇರೆ. ಗಂಡ ಒಳ್ಳೆಯವನು, ಆದರೆ ಅವನಿಗೆ ಇವಳ ನಿನ್ನೆ ತನ್ನ ನಿನ್ನೆಯೊಳಗೇ ಇದೆ ಎಂಬ ಭರವಸೆ. ಚಿಕ್ಕವಳಿದ್ದಾಗ ಶಾಲೆಗೆ ಸೇರಿಸಿದ್ದು ನಿಜ, ಆದರೆ ಮಂದಬುದ್ಧಿ ಎಂದು ಮೇಷ್ಟ್ರು ಬಾಗಿಲ ಬಳಿ ಚಪ್ಪಲಿ ಕಾಯಲು ಕೂರಿಸಿದ್ದರು. ಅಲ್ಲಿಂದ ಒಳಗಿನ ಪಾಠ ಗೋಡೆಯಾಚೆಯ ಜಗಳದ ಹಾಗೆ ಕೇಳುತ್ತಿತ್ತು, ಮಾತು ಏನೆಂದು ತಿಳಿಯುತ್ತಿರಲಿಲ್ಲ. ಇಲ್ಲಿ ಮೊದಲ ದಿನ, ಮೇಷ್ಟ್ರಾಗಲು ಬಂದ ಒಬ್ಬ ತೊದಲುವ ಹುಡುಗ ಅವಳಿಗಾಗಿ ಮುಂದಿನ ಸಾಲಿನ ಕುರ್ಚಿ ಎಳೆದುಕೊಟ್ಟ. ಆ ಕುರ್ಚಿ ಬಿಟ್ಟು ಏಳುವುದು ಹೇಗೆ?

ಎರಡನೇ ಮಹಡಿಯ ಬಾಗಿಲಲ್ಲಿ ಮಾನ್ಯತೆಯ ಪ್ರಮಾಣಪತ್ರ ಚೌಕಟ್ಟಿನಲ್ಲಿ ತೂಗುತ್ತಿತ್ತು. ಅದರ ಗಾಜನ್ನು ಯಾರೋ ಒರೆಸಿದ್ದರು. ಅದರ ಬೆಲೆ ಏನೆಂದು ಟ್ಯಾಕ್ಸಿಯವನು ಹಿಂದಿನ ವಾರವೇ ಎಲ್ಲರಿಗೂ ಬಿಡಿಸಿ ಹೇಳಿದ್ದ. ಒಮ್ಮೆ ದೊಡ್ಡ ಮೇಡಂ ಅವನ ಗಾಡಿಯಲ್ಲಿ ಹೋಗುತ್ತ ಫೋನಿನಲ್ಲಿ ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು. ಈಗ ಒಳಗೆ ಹೋದರೆ ಮತ್ತೆ ಅವನ ಅದೇ ಭಾಷಣ ನಡೆದಿತ್ತು.

"ಇವತ್ತಿನ ತಪಾಸಣೇಲಿ ಮಾನ್ಯತೆ ಹೋಯ್ತು ಅಂದ್ಕೊಳ್ಳಿ. ಈ ಕೋರ್ಸಿನ ಸರ್ಟಿಫಿಕೇಟಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಆಮೇಲೆ ಯಾವ ಮೇಷ್ಟ್ರು ಬಂದು ಸೇರ್ತಾರೆ? ಅವರು ಸೇರದಿದ್ರೆ ನಮಗೆ ಪಾಠ ಯಾರು ಮಾಡ್ತಾರೆ? ಬಾಗಿಲು ಬಂದ್."

"ಅದಕ್ಕೇನೀಗ?" ಎಂದ ಕ್ಷೌರಿಕ.

"ಅದಕ್ಕೇ ಇವತ್ತು ಪಾಳಿ ಇಲ್ಲ. ಕೇಳಿದ್ದಕ್ಕೆಲ್ಲ ಟಕಾಟಕ್ ಅಂತ ಉತ್ತರ. ಬಂದೋರು ಮೂಗಿನ್ಮೇಲೆ ಬೆರಳಿಡ್ಬೇಕು. ಅಕ್ಕಾ, ನಿನ್ನೂ ಸೇರಿಸಿಯೇ ಹೇಳ್ತಿರೋದು. ಕರುಣೆ ಗಿರುಣೆ ಮನೇಲಿ ಬಿಟ್ಟು ಬಂದಿದ್ದೀಯ ತಾನೆ?"

"ನಾನೇನೋ ಸರಿ. ಪಾಠ ಯಾರ್ದು?" ಎಂದಳು.

"ಉದ್ದ ಮೇಷ್ಟ್ರದ್ದು."

ಅಯ್ಯೋ ಅನ್ನಿಸಿತು. ಈ ತಂಡದಲ್ಲಿ ಉದ್ದ ಮೇಷ್ಟ್ರಷ್ಟು ಬೆವರುವವನು ಬೇರೆ ಇರಲಿಲ್ಲ. ಬಾಗಿಲಿಗೆ ತಲೆ ತಾಗುವ ಹುಡುಗ, ತನ್ನ ಎತ್ತರಕ್ಕೆ ತಾನೇ ಕ್ಷಮೆ ಕೇಳುವವನಂತೆ ಬೆನ್ನು ಬಗ್ಗಿಸಿಕೊಂಡಿರುತ್ತಿದ್ದ. ಆಗಲೇ ಬೋರ್ಡಿನ ಮೇಲೆ ಒಂದು ಊರಿನ ನಕ್ಷೆ ಬಿಡಿಸಿದ್ದ: ಬ್ಯಾಂಕು, ಅಂಚೆ ಕಚೇರಿ, ಆಸ್ಪತ್ರೆ, ಉದ್ಯಾನ. ದಾರಿ ಕೇಳುವ ಪಾಠ. ದೊಡ್ಡ ಮೇಡಂ ಹಿಂಬಾಗಿಲಿನಿಂದ ಬಂದರು. ತಪಾಸಣೆಗೆಂದು ಅವರ ಜೊತೆ ಬಂದವಳು ಬೆಳಿಗ್ಗೆ ದಾರಿ ಕೇಳಿದ ಹೆಂಗಸೇ. ಬೂದು ಕೂದಲು, ಒಳ್ಳೆ ಇಸ್ತ್ರಿ. ಇವಳು ತಟ್ಟನೆ ತಲೆ ತಗ್ಗಿಸಿ, ಸೆರಗಿನ ಅಂಚಿನಲ್ಲಿ ಇಲ್ಲದ ದಾರವನ್ನು ಹುಡುಕತೊಡಗಿದಳು.

ಪಾಠ ಶುರುವಾಯಿತು ಅನ್ನುವುದಕ್ಕಿಂತ ಮುಗಿಯಿತು ಅನ್ನಬೇಕು. ಉದ್ದ ಮೇಷ್ಟ್ರು ಬ್ಯಾಂಕನ್ನು ತೋರಿಸಿ ಇದೇನು ಎನ್ನುವಷ್ಟರಲ್ಲಿ ಟ್ಯಾಕ್ಸಿಯವನು ಬ್ಯಾಂಕನ್ನೂ ಹೇಳಿದ, ಅದು ಅಂಚೆ ಕಚೇರಿಯ ಪಕ್ಕದಲ್ಲಿದೆ ಎಂಬುದನ್ನೂ ಹೇಳಿದ, ಕೇಳದೆಯೇ ಉದ್ಯಾನಕ್ಕೆ ದಾರಿಯನ್ನೂ ತೋರಿಸಿಬಿಟ್ಟ. ಕ್ಷೌರಿಕ ಎದ್ದು ನಿಂತು ವಂದನೆಯ ಸಮೇತ ಉತ್ತರ ಕೊಟ್ಟ. ಒಂದಾದ ಮೇಲೊಂದು, ಪಟಾಕಿ ಸರದ ಹಾಗೆ. ಹುಡುಗ ಮೇಜಿನ ಮೇಲೆ ಕತ್ತರಿಸಿಟ್ಟಿದ್ದ ಬಣ್ಣದ ಚೀಟಿಗಳನ್ನು ಒಂದೊಂದಾಗಿ ಎತ್ತಿದ, ಎತ್ತಿದ್ದು ಕೈಯಲ್ಲಿರುವಾಗಲೇ ಅದರ ಕೆಲಸ ಮುಗಿದಿರುತ್ತಿತ್ತು. ಗಡಿಯಾರದ ಮುಳ್ಳು ಇನ್ನೂ ಎಲ್ಲಿಗೂ ಹೋಗಿರಲಿಲ್ಲ. ಕೊನೆಗೆ ಬರಿಗೈಯಾಗಿ ನಿಂತ. ನಕ್ಷೆಯ ಕಡೆ ತಿರುಗಿ ಸುಮ್ಮನೆ ಆಸ್ಪತ್ರೆಯ ಮೇಲಿನ ಗುರುತನ್ನು ಇನ್ನೊಮ್ಮೆ ತಿದ್ದಿದ. ಅವನ ಕಿವಿಗಳು ಕೆಂಪಗೆ ಹೊತ್ತಿಕೊಂಡಿದ್ದವು. ಹಿಂದಿನ ಸಾಲಿನಲ್ಲಿ ಅವನ ಜೊತೆಯ ಕಲಿಯುವ ಮೇಷ್ಟ್ರುಗಳು ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಕಾದ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತು ನಿಂತ ಹೊಸ ಹುಡುಗಿಯರ ಮುಖ ಲಾಂಡ್ರಿಯಲ್ಲಿ ಹೀಗೇ ಇರುತ್ತಿತ್ತು. ಸುಟ್ಟ ವಾಸನೆ ಮೊದಲು ಬಡಿಯುವುದು ಪಕ್ಕದವರ ಮೂಗಿಗೆ. ಅವಳಿಗೆ ಕೂರಲಾಗಲಿಲ್ಲ. ಉದ್ದ ಮೇಷ್ಟ್ರು ಯಾರನ್ನೂ ನೋಡದೆ, ಆಸ್ಪತ್ರೆ ಎಲ್ಲಿದೆ ಎಂದು, ಆಗಲೇ ಕೇಳಿ ಮುಗಿಸಿದ್ದನ್ನೇ ಮತ್ತೆ ಕೇಳಿದ. ಅವಳು ಕೈ ಎತ್ತಿದಳು. ಆಸ್ಪತ್ರೆ ಉದ್ಯಾನದೊಳಗೆ ಇದೆ ಅಂದಳು.

ಟ್ಯಾಕ್ಸಿಯವನು ಹಲ್ಲು ಕಚ್ಚಿ "ಅಕ್ಕಾ!" ಅಂದ. ಉದ್ದ ಮೇಷ್ಟ್ರು ಮಾತ್ರ ನೀರಲ್ಲಿ ಮುಳುಗುವವನಿಗೆ ಹಗ್ಗ ಸಿಕ್ಕಂತೆ ತಿರುಗಿದ. ಬೋರ್ಡಿನ ಬಳಿ ಅವಳನ್ನು ಕರೆದು, ನಕ್ಷೆಯ ಮೇಲೆ ಬೆರಳಿಟ್ಟು, ಎಷ್ಟು ತಾಳ್ಮೆಯಿಂದ ಎಷ್ಟು ಚೆನ್ನಾಗಿ ವಿವರಿಸಿದ ಎಂದರೆ, ಅವಳಿಗೆ ಗೊತ್ತಿರದೆ ಇದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅವಳು ತಲೆಯಾಡಿಸುತ್ತ, ಅವನ ಕಿವಿಯ ಕೆಂಪು ಇಳಿದದ್ದನ್ನು ನೋಡಿದಳು. ತನ್ನ ಜಾಗಕ್ಕೆ ಮರಳುವಾಗ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಬೂದು ಕೂದಲಿನವಳು ಪೆನ್ನು ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದಳು.

ಪಾಠವಾದ ಮೇಲೆ ತಪಾಸಣೆಯವಳು ವಿದ್ಯಾರ್ಥಿಗಳ ಜೊತೆ ಒಂಟಿಯಾಗಿ ಮಾತಾಡಬೇಕೆಂಬುದು ನಿಯಮ. ಮೇಷ್ಟ್ರುಗಳು, ದೊಡ್ಡ ಮೇಡಂ ಎಲ್ಲರೂ ಹೊರಗೆ ಹೋದರು. ಬಾಗಿಲ ಗಾಜಿನಲ್ಲಿ ದೊಡ್ಡ ಮೇಡಂ ಅವರ ಅರ್ಧ ಭುಜ ಮಾತ್ರ ಕಾಣುತ್ತಿತ್ತು. ತಪಾಸಣೆಯವಳು ಕುರ್ಚಿಯನ್ನು ತಿರುಗಿಸಿ ಅವರ ನಡುವೆ ಕೂತಳು, ನಿಧಾನವಾದ ಇಂಗ್ಲಿಷಿನಲ್ಲಿ ನೀವೆಲ್ಲ ಯಾವಾಗ ಸೇರಿದಿರಿ ಎಂದು ಕೇಳಿದಳು. ಟ್ಯಾಕ್ಸಿಯವನು ಎದೆ ಮುಂದೆ ಮಾಡಿ, ಎಲ್ಲರೂ ಹೊಸಬರು, ಇಲ್ಲಿ ಪಾಠ ಅಷ್ಟು ಚೆನ್ನ, ಅದಕ್ಕೇ ಇಷ್ಟು ಬೇಗ ಕಲಿತೆವು ಎಂದ. ತಪಾಸಣೆಯವಳು ಹೂಂ ಎಂದು, ಇವಳ ಕಡೆ ತಿರುಗಿದಳು.

"ಬೆಳಿಗ್ಗೆ ನೀವು ನನಗೆ ದಾರಿ ಹೇಳಿದಿರಿ. ಒಂದು ತಪ್ಪೂ ಇರಲಿಲ್ಲ. ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಯಾಕೆ ತಪ್ಪು ಹೇಳಿದಿರಿ?"

ಸುಳ್ಳು ಹೇಳಬಹುದಿತ್ತು. ವಯಸ್ಸಾಯ್ತು, ಮರೆವು ಎಂದರೆ ಯಾರೂ ನಂಬದೆ ಇರುವುದಿಲ್ಲ. ಮುದುಕಿಯರಿಗೆ ಆ ಒಂದು ಸೌಕರ್ಯ ಇದೆ. ನಿಜ ಹೇಳಿದರೆ ಚೌಕಟ್ಟು ಗೋಡೆಯಿಂದ ಇಳಿಯುತ್ತದೆ, ದೊಡ್ಡ ಮೇಡಂ ಅವರ ಭುಜ ಇನ್ನಷ್ಟು ಕುಸಿಯುತ್ತದೆ, ಕೋಣೆಗೆ ಬೀಗ. ಆದರೆ ಆ ಹೆಂಗಸು ಕಾಯುತ್ತಿದ್ದಳು. ಮುಂದಕ್ಕೆ ಬಾಗಿ, ಅವಸರವಿಲ್ಲದೆ, ಉತ್ತರ ಮುಗಿಯುವ ತನಕ ಕಾಯುವವಳ ಹಾಗೆ. ಹಾಗೆ ಕಾಯುವವರ ಎದುರು ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿತ್ತು ಎಂಬುದು ಆಗ ಅವಳಿಗೆ ಹೊಳೆಯಿತು. ಇಷ್ಟು ವರ್ಷ ಎಷ್ಟು ಮಕ್ಕಳು ಹೀಗೆ ಬಾಗಿ ನಿಂತಿದ್ದರು!

"ಹುಡುಗನ ಕಿವಿ ಕೆಂಪಾಗಿತ್ತು," ಎಂದಳು.

ತಪಾಸಣೆಯವಳ ತುಟಿಯ ಒಂದು ಕೊನೆ ಅಲ್ಲಾಡಿತು. "ಈ ತರಗತಿಯಲ್ಲಿ ಎಷ್ಟು ಕಾಲದಿಂದ ಇದ್ದೀರಿ?"

"ನನ್ನ ಮೊಮ್ಮಗಳು ಹುಟ್ಟುವ ಮುಂಚಿನಿಂದ. ಈಗ ಅವಳು ಶಾಲೆಗೆ ಹೋಗುತ್ತಾಳೆ. ಮೇಡಂ ಅವರನ್ನು ಬೈಯಬೇಡಿ. ಪರೀಕ್ಷೆಯಲ್ಲಿ ಕೆಡಿಸಿ ಬರೆದವಳು ನಾನು. ತಪ್ಪು ಮಾಡುವುದಕ್ಕೆ ಇಲ್ಲಿ ಪಾಳಿ ಇದೆ. ಮೇಷ್ಟ್ರುಗಳಿಗೆ ಸಹಾಯ ಆಗಲಿ ಅಂತ."

"ಸಹಾಯ ಆಯಿತೆ?"

ಇಲ್ಲಿಂದ ಹೋದ ಆ ಮಕ್ಕಳು ಎಲ್ಲೆಲ್ಲೋ ನಿಜವಾದ ತರಗತಿಗಳಲ್ಲಿ ನಿಂತಿರುತ್ತಾರೆ, ಅಲ್ಲಿ ನಿಜವಾಗಿ ಎಡವುವವರು ಇರುತ್ತಾರೆ, ಪಾಳಿಯಿಲ್ಲದೆ, ಊಹಿಸದ ಕಡೆಯಲ್ಲೆಲ್ಲ. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ಲ," ಎಂದಳು. "ನನಗೆ ಹಾಗನ್ನಿಸಿತ್ತು."

"ನೀವು ಇಲ್ಲಿಗೆ ಬಂದಾಗ ಎಷ್ಟು ಇಂಗ್ಲಿಷ್ ಬರುತ್ತಿತ್ತು?"

"ಏನೂ ಇಲ್ಲ. ಔಷಧಿ ಚೀಟಿಯನ್ನು ತಲೆಕೆಳಗಾಗಿ ಹಿಡಿಯುತ್ತಿದ್ದೆ. ಅಂಗಡಿಯವನು ನಗುತ್ತಿದ್ದ."

"ಈಗ ನಾವು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇವೆ?"

ಇಂಗ್ಲಿಷಿನಲ್ಲಿ ಎಂದು ಅವಳು ಜೊತೆಯವರ ಕಡೆ ತಿರುಗಿದಳು. ಟ್ಯಾಕ್ಸಿಯವನೂ ಕ್ಷೌರಿಕನೂ ಅವಳನ್ನೇ ನೋಡುತ್ತಿದ್ದರು, ಮನೆಯಲ್ಲಿ ಜೊತೆಗೇ ಬೆಳೆದವಳು ಇದ್ದಕ್ಕಿದ್ದಂತೆ ಹಾಡಿದರೆ ನೋಡುವ ಹಾಗೆ. ಯಾವ ಮಾತನ್ನೂ ಮೊದಲು ಮನಸ್ಸಿನಲ್ಲಿ ಜೋಡಿಸಿಕೊಂಡಿರಲಿಲ್ಲ. ಬಂದಿತ್ತು. ಎಲ್ಲಿಂದ ಬಂತು? 'ಎದುರು' ಎಂಬುದಕ್ಕೆ ಆ ಭಾಷೆಯಲ್ಲಿರುವ ಮಾತು ಮೆಟ್ಟಿಲ ಮೇಲೆ ಅತ್ತ ಹುಡುಗಿಯದು, ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟು ತೋರಿಸಿದ್ದಳು. 'ನಿಧಾನವಾಗಿ' ಎಂಬುದು ತೊದಲುವ ಹುಡುಗನದು. ಅವನಿಗಿಂತ ಚೆನ್ನಾಗಿ ಅದನ್ನು ಯಾರು ಕಲಿಸಿಯಾರು. 'ಮೊಮ್ಮಗಳು' ಕೊಟ್ಟವಳು ತುಂಬು ಬಸುರಿ, ಬೋರ್ಡಿಗೆ ಕೈ ಆನಿಸಿ ಒಂದು ಸಂಸಾರದ ಚಿತ್ರ ಬರೆದಿದ್ದಳು. 'ಕೆಂಪು' ಯಾರದೋ, ಮುಖ ಮರೆತಿದೆ, ಅಂಗಿ ನೆನಪಿದೆ. ಒಬ್ಬೊಬ್ಬರೂ ಬೆವರುತ್ತ, ನಡುಗುತ್ತ, ಫೇಲಾದೇನು ಎಂದು ಹೆದರುತ್ತ, ಒಂದೊಂದು ಮಾತನ್ನು ಅವಳ ಮಡಿಲಿಗೆ ಹಾಕಿ ಹೋಗಿದ್ದರು. ತಾನು ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು, ಗೊತ್ತಿಲ್ಲದವಳ ಹಾಗೆ ನಟಿಸುತ್ತ ಕೂತಿದ್ದವಳಿಗೆ, ತುಂಬಿದ ಮಡಿಲು ಕಾಣಲೇ ಇಲ್ಲವಲ್ಲ. "ಇದು ಅವರದು. ಎಲ್ಲಾ ಅವರೇ ಕೊಟ್ಟದ್ದು," ಎಂದಳು, ಅದನ್ನೂ ಅದೇ ಭಾಷೆಯಲ್ಲಿ.

ಆ ಮಧ್ಯಾಹ್ನ ಮುಚ್ಚಿದ ಬಾಗಿಲ ಹಿಂದೆ ದೊಡ್ಡ ಮೇಡಂ ಬಹಳ ಹೊತ್ತು ಕೂತಿದ್ದರು. ತಪಾಸಣೆಯವಳ ದನಿ ಏರಲಿಲ್ಲ, ಆದರೆ ಇಳಿಯಲೂ ಇಲ್ಲ. ವಿದ್ಯಾರ್ಥಿಗಳು ಯಾರೂ ಮನೆಗೆ ಹೋಗಲಿಲ್ಲ. ಟ್ಯಾಕ್ಸಿಯವನು ಮೆಟ್ಟಿಲ ಮೇಲೆ ಕೂತು, "ನಿನ್ನ ಬಾಯಿಗೆ ಹೊಲಿಗೆ ಹಾಕ್ಬೇಕಿತ್ತಕ್ಕ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಏನ್ ಇಂಗ್ಲಿಷ್ ಬಿಟ್ಟೆ ಮಾರಾಯ್ತಿ" ಎಂದ. ಬಾಗಿಲು ತೆರೆದು ದೊಡ್ಡ ಮೇಡಂ ನೇರ ಅವಳ ಹತ್ತಿರವೇ ಬಂದರು. ಅವಳು ಎದ್ದು ನಿಂತಳು, ಬೈಗುಳಕ್ಕೆ ನಿಲ್ಲುವ ಹಳೆಯ ರೀತಿಯಲ್ಲಿ, ಕೈ ಎರಡೂ ಮುಂದೆ ಕಟ್ಟಿಕೊಂಡು.

"ಕೂತ್ಕೊಳ್ಳಿ ಅಮ್ಮ. ಉಳೀತು," ಎಂದರು ದೊಡ್ಡ ಮೇಡಂ. ಅವರ ಕಣ್ಣ ಕೆಳಗೆ ಕಪ್ಪಗಾಗಿತ್ತು. "ನೀವು ಇಷ್ಟು ಕಲಿತಿದ್ದು ನೋಡಿ ಮಾನ್ಯತೆ ಉಳಿಸಿದ್ರು, ಆದ್ರೆ ಷರತ್ತಿದೆ. ಮುಂದಿನ ತಂಡಕ್ಕೆ ಮತ್ತೆ ಬಂದು ನೋಡ್ತಾರಂತೆ. ಯಾರಿಗೆ ಏನು ಬರುತ್ತೆ ಅಂತ ಮುಖ ನೋಡಿ ಮಾತಾಡಿಸಿ ತಿಳ್ಕೊಂಡು, ಸರಿಯಾದ ಕ್ಲಾಸಿಗೆ ಹಾಕ್ಬೇಕು. ಉದ್ದ ಹುಡುಗ ಇನ್ನೊಂದು ಪಾಠ ಮಾಡ್ಬೇಕು, ಇವತ್ತಿಂದು ಲೆಕ್ಕಕ್ಕಿಲ್ಲ."

"ನನ್ನಿಂದ ಎಲ್ಲ..."

"ನಿಮ್ಮಿಂದ ಅಲ್ಲ. ನನಗೆ ಗೊತ್ತಿರಲಿಲ್ಲ ಅಂದ್ಕೊಂಡ್ರಾ? ಕುರ್ಚಿ ತುಂಬಿದ್ರೆ ಸಾಕು ಅಂತ ನಾನೇ ಕಣ್ಣು ಆ ಕಡೆ ತಿರುಗಿಸಿದ್ದೆ." ಅವರು ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕೂತರು. "ನಾಳೆಯಿಂದ ನೀವು ಮೂರನೇ ಮಹಡಿ."

"ಬೇಡ ಮೇಡಂ. ಅಲ್ಲಿ ನನಗೆ ಏನೂ ಬರಲ್ಲ."

"ಅದಕ್ಕೇ ಅಮ್ಮ," ಎಂದರು ದೊಡ್ಡ ಮೇಡಂ.

ಮೂರನೇ ಮಹಡಿಯ ಕೋಣೆ ಚಿಕ್ಕದು. ಕಿಟಕಿಯಿಂದ ಬ್ಯಾಂಕು ಕಾಣುವುದಿಲ್ಲ, ಬರೀ ಆಕಾಶ, ಯಾರದೋ ತಾರಸಿಯ ನೀರಿನ ಟ್ಯಾಂಕು. ಮಂಡಿ ಹಿಡಿದುಕೊಂಡು ಹತ್ತಿ ಬಂದವಳಿಗೆ ಉಸಿರು ಸರಿಹೋಗಲು ಸಮಯ ಬೇಕಾಯಿತು. ಪಕ್ಕದಲ್ಲಿ ಟ್ಯಾಕ್ಸಿಯವನು ಹೊಸ ಅಳಿಯನ ಹಾಗೆ ಕೈಕಾಲು ಮುದುರಿ ಕೂತಿದ್ದ. ಪಾಳಿಯ ಮಾತನ್ನೇ ಎತ್ತಲಿಲ್ಲ. ಅಲ್ಲಿನವರು ಪತ್ರಿಕೆ ಓದುವವರಂತಿದ್ದರು, ಅವಳ ಕಡೆ ಒಮ್ಮೆ ನೋಡಿ ಸರಿದು ಜಾಗ ಕೊಟ್ಟರು. ಉದ್ದ ಮೇಷ್ಟ್ರು ತಲೆ ಬಗ್ಗಿಸಿ ಬಾಗಿಲು ದಾಟಿ ಬಂದ. ಇದೇ ಅವನ ಇನ್ನೊಂದು ಪಾಠ. ಹಿಂದೆ ದೊಡ್ಡ ಮೇಡಂ ಕೂತರು. ಅವನು ಒಂದು ಧ್ವನಿಮುದ್ರಿಕೆ ಹಾಕಿದ, ಇಬ್ಬರು ಏನೋ ವಾದಿಸುತ್ತಿದ್ದರು, ಒಬ್ಬ ಸಿಟ್ಟಾದ, ಇನ್ನೊಬ್ಬಳು ನಕ್ಕಳು, ಬಾಗಿಲು ಹಾಕಿದ ಸದ್ದು. ಮಾತುಗಳು ಅವಳ ಕಿವಿಯ ಪಕ್ಕದಿಂದ ವೇಗದ ಬಸ್ಸುಗಳಂತೆ ಹಾದುಹೋದವು, ಒಂದೂ ನಿಲ್ಲಲಿಲ್ಲ. ಮುದ್ರಿಕೆ ನಿಲ್ಲಿಸಿ ಉದ್ದ ಮೇಷ್ಟ್ರು, ಆ ಹೆಂಗಸು ಯಾಕೆ ನಕ್ಕಳು ಎಂದು ಕೇಳಿದ. ಕಣ್ಣು ಒಬ್ಬೊಬ್ಬರನ್ನೂ ದಾಟಿ ಬಂದು ಅವಳ ಮೇಲೆ ನಿಂತಿತು.

"ಗೊತ್ತಿಲ್ಲ," ಎಂದಳು.

ಅವನು ನಂಬಲಿಲ್ಲ. ಈಗ ಅವನಿಗೆ ಎಲ್ಲ ತಿಳಿದಿತ್ತಲ್ಲ. ಹತ್ತಿರ ಬಂದು, ಮೇಜಿನ ಮೇಲೆ ಕೈಯೂರಿ ಬಗ್ಗಿದ, ತರಗತಿಯಲ್ಲಿ ಸ್ವಂತ ಭಾಷೆ ಆಡಬಾರದೆಂಬ ನಿಯಮವನ್ನು ಮರೆತು ಪಿಸುಗುಟ್ಟಿದ.

"ಅಮ್ಮಾ, ನಿಜ ಹೇಳಿ. ನನ್ನ ಮೇಲಿನ ಕನಿಕರಕ್ಕೆ ಹಾಗೆ ಹೇಳ್ತಿಲ್ಲ ತಾನೆ?"

"ಇಲ್ಲಪ್ಪಾ. ದೇವರಾಣೆ, ಒಂದಕ್ಷರ ತಿಳೀಲಿಲ್ಲ."

ಅವನು ಅವಳ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನ ಪೂರ್ತಿ ಎತ್ತರಕ್ಕೆ ನಿಂತು, ಬೋರ್ಡನ್ನು ಸ್ವಚ್ಛವಾಗಿ ಒರೆಸಿ, ಮುದ್ರಿಕೆಯನ್ನು ಮೊದಲಿಗೆ ತಿರುಗಿಸಿದ. ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.